ಯಂತ್ರದ ಕೊಳಲೂ ನಮ್ಮ ಉಸಿರೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಸಂಗೀತವನ್ನು ಕುರಿತು ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ವರ್ಗದವರು ಅಪ್ಪಣೆ ಮಾಡಿರುವರು. ಗಾಯಕವೃಂದದ ಚರಿತ್ರೆಯನ್ನು ಬರೆಯಲು ನನಗಿಂತ ಹಿರಿಯರೂ ಹೆಚ್ಚು ತಿಳಿದವರೂ ಇರುವುದರಿಂದ ಆ ಕೆಲಸವನ್ನು ಅವರಿಗೇ ಬಿಟ್ಟು, ಕೆಲವು ವರ್ಷಗಳಿಂದ ತಾಯಂದಿರು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿರುವ ಒಂದು ಪ್ರಶ್ನೆಗೆ ಉತ್ತರ ಹೇಳಲು ಈ ಪುಟಗಳನ್ನು ಉಪಯೋಗಿಸಿಕೊಳ್ಳುತ್ತೇನೆ. “ನಮ್ಮ ಹುಡುಗಿ ಮೊಬೈಲಿನಲ್ಲಿ ಕೊಳಲು ಹಾಕಿಕೊಂಡು ಅದರ ಜೊತೆಗೆ ಗೀತೆ ಹಾಡುತ್ತಾಳಲ್ಲ, ಆ ಕೊಳಲನ್ನು ಊದಿದವರು ಯಾರು?” ಎಂಬುದೇ ಆ ಪ್ರಶ್ನೆ. ಯಾರೂ ಊದಲಿಲ್ಲವೆಂದರೆ ಅದು ಪೂರ್ಣ ಸತ್ಯವಾಗದು. ಇಂಥವರು ಊದಿದರೆಂದರೆ ಅದೂ ಸತ್ಯವಾಗದು. ಆದಕಾರಣ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನಡೆಯುವುದೇನೆಂದರೆ, ದೂರದ ಊರೊಂದರ ನಿಶ್ಶಬ್ದವಾದ ಕೋಣೆಯಲ್ಲಿ ನುರಿತ ವಾದಕರೊಬ್ಬರು ಪಾಶ್ಚಾತ್ಯ ಕೊಳಲನ್ನು ಹಿಡಿದು ನಿಂತು, ಕೆಳಗಿನ ಸ್ವರದಿಂದ ಮೇಲಿನ ಸ್ವರದ ವರೆಗೆ ಒಂದೊಂದನ್ನೇ ಊದುವರು. ಮೊದಲು ಮೆಲ್ಲಗೆ, ಅನಂತರ ಮಧ್ಯಮವಾಗಿ, ಕೊನೆಗೆ ಬಲವಾಗಿ. ಹೀಗೆ ಊದಿದ ಒಂದೊಂದು ನಾದವನ್ನೂ ಮುದ್ರಿಸಿ ಗಣಕಯಂತ್ರದಲ್ಲಿ ಕೂಡಿಡುವರು. ಈ ತುಣುಕುಗಳಿಗೆ ಸ್ಯಾಂಪಲ್‌ಗಳೆಂದು ಹೆಸರು. ನಾನು ಮನೆಯಲ್ಲಿ ಕೀಬೋರ್ಡಿನ ಒಂದು ಕೀಯನ್ನು ಒತ್ತಿದಾಗ ಗಣಕಯಂತ್ರವು ತಕ್ಕ ತುಣುಕನ್ನು ಹುಡುಕಿ ನುಡಿಸುವುದು. ಆ ವಾದಕರು ನಮ್ಮ ಗೀತೆಯನ್ನು ಊದಿದವರಲ್ಲ, ಬಹುಶಃ ಅದನ್ನು ಕೇಳಿದವರೂ ಅಲ್ಲ. ಅವರ ಉಸಿರನ್ನು ಅಚ್ಚಿನ ಮೊಳೆಗಳಂತೆ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ವಿಂಗಡಿಸಿಟ್ಟಿದ್ದಾರೆಂದು ತಿಳಿಯಬಹುದು. 1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಮೊಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಮಾತ್ರಕ್ಕೆ ಓದಬಲ್ಲ ಪುಟವಾಗುವುದಿಲ್ಲ; ಎಲ್ಲಿ ಎಡೆ ಬಿಡಬೇಕು, ಎಲ್ಲಿ ಸಾಲು ಮುರಿಯಬೇಕು ಎಂಬುದನ್ನು ಮೊಳೆ ಜೋಡಿಸುವವನು ಬಲ್ಲವನಾಗಿರಬೇಕು. ಕೊಳಲಿನ ತುಣುಕುಗಳ ವಿಷಯದಲ್ಲಿಯೂ ಅಂತೆಯೇ. ಒಂದು ಸ್ವರವು ಹುಟ್ಟಿ ಬೆಳೆದು ಕ್ಷೀಣಿಸುವ ತನಕ ಅದರ ನಾದವು ಕ್ಷಣಕ್ಷಣಕ್ಕೆ ಎಷ್ಟು ಹೆಚ್ಚಬೇಕು, ಎಷ್ಟು ತಗ್ಗಬೇಕು ಎಂಬುದನ್ನು ಯಂತ್ರವು ತಾನಾಗಿ ತಿಳಿಯದು. ನನ್ನ ಲೇಖನವೆಲ್ಲ ಈ ಏರಿಳಿತವನ್ನು ಕುರಿತದ್ದೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಪುಟವೇಕೆಂದು ಕೇಳುವವರಿಗೆ 2020ನೆಯ ವರ್ಷವನ್ನು ನೆನಪಿಗೆ ತರುತ್ತೇನೆ. ಆ ವರ್ಷದ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬ ಪ್ರಾಂತದಲ್ಲಿ ಒಂದು ಗಾಯಕವೃಂದದವರು ಎಂದಿನಂತೆ ಅಭ್ಯಾಸಕ್ಕೆ ಸೇರಿದರು. ಬಂದಿದ್ದವರು 61 ಮಂದಿ. ಅವರಲ್ಲಿ 53 ಮಂದಿ ಕೋವಿಡ್ ವ್ಯಾಧಿಗೆ ಒಳಗಾದರೆಂದು ಎಣಿಸಲಾಯಿತು, ಇಬ್ಬರು ತೀರಿಕೊಂಡರು. ಕೂಡಿ ಹಾಡುವುದೆಂದರೆ ಒಬ್ಬರ ಉಸಿರನ್ನು ಮತ್ತೊಬ್ಬರು ಹಂಚಿಕೊಳ್ಳುವುದೆಂಬ ಮಾತು ಅಲ್ಲಿಯ ವರೆಗೆ ಕವಿಗಳ ಅಲಂಕಾರವಾಗಿದ್ದುದು ಅಂದಿನಿಂದ ವೈದ್ಯರ ಎಚ್ಚರಿಕೆಯಾಯಿತು. ನಮ್ಮ ಬಾಲಿಕೆಯರೂ ತಮ್ಮ ತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಕುಳಿತು, ಮೊಬೈಲಿನಲ್ಲಿ ಬಂದ ವಾದ್ಯದ ಜೊತೆಗೆ ಹಾಡಬೇಕಾಯಿತು. ಮುಂದೆ ನಿಂತು ಕೈ ಎತ್ತುವ ಟೀಚರಮ್ಮನವರಿಲ್ಲ. ಪಕ್ಕದವಳು ಉಸಿರೆಳೆದುಕೊಳ್ಳುವ ಸಪ್ಪಳವಿಲ್ಲ. ಇರುವುದು ಕಿವಿಯೊಳಗಿನ ಕೊಳಲೊಂದೇ. ಆ ಕೊಳಲು ಉಸಿರಾಡದಿದ್ದರೆ ಮಗುವಿಗೆ ಉಸಿರಾಡಲು ಕಲಿಸುವವರು ಯಾರು?

ಕ್ರಯಕ್ಕೆ ದೊರಕುವ ಸಿದ್ಧ ವಾದ್ಯಮುದ್ರಿಕೆಗಳಲ್ಲಿ ಈ ನ್ಯೂನತೆಯು ಬಹಳ. ಸ್ವರಗಳು ಶುದ್ಧ, ತಾಳವು ನಿಖರ; ಆದರೆ ಮೊದಲಿನಿಂದ ಕೊನೆಯ ವರೆಗೂ ನಾದವು ಹಲಗೆಯಂತೆ ಸಮತಟ್ಟು. ಅಂಥ ಮುದ್ರಿಕೆಯ ಸಂಗಡ ಆರು ತಿಂಗಳು ಹಾಡಿದ ಹುಡುಗಿಯು ಸಾಲಿನ ಕೊನೆಯಲ್ಲಿ ನಿಲ್ಲುವುದನ್ನು ಮರೆತು, ಉಸಿರು ತೀರಿದಲ್ಲಿ, ಅಂದರೆ ಪದದ ನಡುವೆಯೇ, ಕಡಿದುಬಿಡುವಳು. ದೇವರ ನಾಮವನ್ನು ಎರಡು ತುಂಡು ಮಾಡಿ ಹಾಡಿದ ಕೂಸುಗಳನ್ನು ನಾನು ಕೇಳಿದ್ದೇನೆ. ತಪ್ಪು ಕೂಸಿನದಲ್ಲ.

ಇನ್ನು ವಿಷಯಕ್ಕೆ ಬರೋಣ. ಪಿಯಾನೋ ಬಾರಿಸುವವರ ಕೆಲಸವು ಒಂದು ರೀತಿಯಲ್ಲಿ ಸುಲಭವಾದದ್ದು (ಅವರು ಕೋಪಿಸಿಕೊಳ್ಳದಿರಲಿ). ಕೀಯನ್ನು ಒತ್ತಿದೊಡನೆ ಸುತ್ತಿಗೆಯು ತಂತಿಯನ್ನು ಬಡಿಯುವುದು. ಆ ಒಂದು ಕ್ಷಣದಲ್ಲಿ ನಾದದ ಬಲಾಬಲವೆಲ್ಲ ತೀರ್ಮಾನವಾಗಿಬಿಡುವುದು. ಅನಂತರ ನಾದವು ತಾನಾಗಿ ಕುಂದುತ್ತ ಹೋಗುವುದೇ ಹೊರತು ಬೆಳೆಯಲಾರದು. ಆದುದರಿಂದ ಕೀಯನ್ನು ಎಷ್ಟು ವೇಗವಾಗಿ ಒತ್ತಿದರೆಂಬ ಒಂದೇ ಸಂಖ್ಯೆಯಿಂದ ಗಣಕಯಂತ್ರವು ಪಿಯಾನೋವನ್ನು ಬಹುಮಟ್ಟಿಗೆ ಅನುಕರಿಸಬಲ್ಲದು. ಊದುವ ವಾದ್ಯದ ಪಾಡು ಬೇರೆ. ಅಲ್ಲಿ ಸ್ವರವು ಹುಟ್ಟಿದ ಮೇಲೆಯೂ ವಾದಕನ ಉಸಿರು ಅದರ ಬೆನ್ನ ಹಿಂದೆ ಸದಾ ನಿಂತಿರುವುದು. ಆತನು ಇಚ್ಛಿಸಿದರೆ ನಾದವು ಉಬ್ಬುವುದು, ಇಚ್ಛಿಸಿದರೆ ತೆಳುವಾಗುವುದು. 1752ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಕೊಳಲಿನ ಶಿಕ್ಷಣಗ್ರಂಥದಲ್ಲಿ ಯೋಹಾನ್ ಯೋಆಖಿಮ್ ಕ್ವಾಂಟ್ಸ್ ಎಂಬ ವಿದ್ವಾಂಸರು, ವಿಳಂಬ ಗತಿಯ ರಚನೆಗಳಲ್ಲಿ ದೀರ್ಘ ಸ್ವರವನ್ನು ಮೆಲ್ಲಗೆ ಆರಂಭಿಸಿ ಮಧ್ಯದ ವರೆಗೆ ಹಿಗ್ಗಿಸಿ ಮತ್ತೆ ಕುಗ್ಗಿಸುತ್ತ ಮುಗಿಸಬೇಕೆಂದು ವಿಧಿಸಿರುವರು. ನಮ್ಮ ನಾಡಿನ ಕೊಳಲು ವಿದ್ವಾಂಸರ ವಾದನದಲ್ಲಿ ಇದನ್ನು ಕಿವಿಯಿಂದಲೇ ಕಲಿಯಬಹುದು. ಬಿದಿರಿನ ನೀಳ ಕೊಳಲಿನಲ್ಲಿ ಪನ್ನಾಲಾಲ್ ಘೋಷರು ನಿಲ್ಲಿಸುತ್ತಿದ್ದ ಷಡ್ಜವನ್ನು ಹಳೆಯ ಧ್ವನಿಮುದ್ರಿಕೆಗಳಲ್ಲಿ ಕೇಳಿದವರಿಗೆ ನಾನು ಬೇರೆ ವಿವರಿಸಬೇಕಾಗಿಲ್ಲ.

ಈ ಏರಿಳಿತವು ನಾದಕ್ಕೆ ತೊಡಿಸಿದ ಆಭರಣವೆಂದು ಭಾವಿಸಬಾರದು. ನಾದವು ಯಾವುದರದೆಂದು ಗುರುತಿಸುವುದಕ್ಕೂ ಅದೇ ಆಧಾರ. 1948ರಲ್ಲಿ ಪ್ಯಾರಿಸಿನ ರೇಡಿಯೋದಲ್ಲಿ ಕೆಲಸಮಾಡುತ್ತಿದ್ದ ಪಿಯೇರ್ ಶೆಫರ್ ಎಂಬವರು ಗಂಟೆಯ ನಾದವನ್ನು ಮುದ್ರಿಸಿ, ಅದರ ಮೊದಲಿನ ಪೆಟ್ಟನ್ನು ಮಾತ್ರ ತೆಗೆದುಹಾಕಿ ಕೇಳಿದರು. ಗಂಟೆಯು ಗಂಟೆಯಾಗಿ ಉಳಿಯಲಿಲ್ಲ. ಓಬೋ ಎಂಬ ಊದುವ ವಾದ್ಯದಂತೆ ಕೇಳಿಸಿತು. ಲೋಹವು ಅದೇ, ಕಂಪನವು ಅದೇ. ಆದಿಯನ್ನು ಕಳೆದುಕೊಂಡದ್ದರಿಂದ ಜಾತಿಯೇ ಬದಲಾಯಿತು.

ನಮ್ಮ ಪ್ರಾರ್ಥನಾಲಯದ ಮೂಲೆಯಲ್ಲಿ ಈಗಲೂ ಇರುವ ಹಾರ್ಮೋನಿಯಮ್ಮನ್ನು ಓದುಗರು ಮನಸ್ಸಿಗೆ ತಂದುಕೊಳ್ಳಲಿ. ಬಲಗೈಯ ಬೆರಳುಗಳು ಸ್ವರವನ್ನು ಆರಿಸುವುವು; ಎಡಗೈಯು ತಿದಿಯನ್ನು ಆಡಿಸುವುದು. ಒಂದು ಕೈ ಬೆರಳು, ಮತ್ತೊಂದು ಕೈ ಉಸಿರು. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದಬ್ಯಾನ್ ಎಂಬವರು ಹಕ್ಕು ಪಡೆದ ಹಾರ್ಮೋನಿಯಮ್ಮು ಕಾಲಿನಿಂದ ತುಳಿಯತಕ್ಕದ್ದು. ಅದರಲ್ಲಿ ‘ಎಕ್ಸ್‌ಪ್ರೆಶನ್’ ಎಂಬ ಹೆಸರಿನ ಒಂದು ಗುಬುಟು ಇರುವುದು. ಅದನ್ನು ಎಳೆದರೆ ಗಾಳಿಯು ನಡುವಿನ ಸಂಗ್ರಹದ ಚೀಲವನ್ನು ಬಿಟ್ಟು ನೇರವಾಗಿ ರೀಡುಗಳಿಗೆ ಹೋಗುವುದು, ಪಾದದ ಒತ್ತಡದ ಅತಿ ಸೂಕ್ಷ್ಮ ವ್ಯತ್ಯಾಸವೂ ನಾದದಲ್ಲಿ ಕಾಣಿಸುವುದು. ಅದನ್ನು ಎಳೆದು ನುಡಿಸುವುದು ಕಷ್ಟಸಾಧ್ಯ. ಪಾದವು ತುಸು ತಡವರಿಸಿದರೂ ಸ್ವರವು ನಡುಗುವುದು. ಇದಕ್ಕಿಂತ ಹಿಂದೆ, 1712ರಲ್ಲಿ, ಲಂಡನ್ನಿನ ಸೇಂಟ್ ಮ್ಯಾಗ್ನಸ್ ದೇವಾಲಯದ ಆರ್ಗನ್ನಿನಲ್ಲಿ ಜೋರ್ಡನ್ ಎಂಬ ಕುಶಲರು ಕೆಲವು ಕೊಳವೆಗಳನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಅದರ ಮುಚ್ಚಳವನ್ನು ಸರಿಸುವುದರಿಂದ ನಾದವು ಹಿಗ್ಗಿ ಕುಗ್ಗುವಂತೆ ಮಾಡಿದರು. ಕೊಳವೆಗೆ ಹೋಗುವ ಗಾಳಿಯು ಸಮನಾಗಿಯೇ ಇರುವುದರಿಂದ ಬೇರೆ ಉಪಾಯವಿರಲಿಲ್ಲ. ನೋಡಿರಿ, ಗಾಳಿಯಿಂದ ನುಡಿಯುವ ಯಂತ್ರಗಳನ್ನು ಕಟ್ಟಿದವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಈ ಏರಿಳಿತದ ಬಾಗಿಲಿಗೆ ಬಂದು ತಟ್ಟಿದವರೇ.

ಮುದ್ರಿಸಿದ ನಾದವನ್ನು ಕೀಗಳಿಂದ ನುಡಿಸುವ ಯಂತ್ರವೂ ಇಂದು ನಿನ್ನೆಯದಲ್ಲ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೆಲೋಟ್ರಾನ್ ಎಂಬ ವಾದ್ಯವು ಹೊರಬಂದಿತು. ಅದರಲ್ಲಿ ಪ್ರತಿಯೊಂದು ಕೀಯ ಕೆಳಗೂ ಒಂದು ಟೇಪಿನ ತುಂಡು. ಒತ್ತಿದರೆ ಕೊಳಲೋ ಪಿಟೀಲೋ ನುಡಿಯುವುದು. 1967ರಲ್ಲಿ ಹೊರಬಂದ ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಹಾಡಿನ ಆರಂಭದ ಕೊಳಲು ಈ ಯಂತ್ರದ್ದೇ. ಅದರ ಟೇಪು ಸುಮಾರು 8 ಸೆಕೆಂಡುಗಳಿಗೆ ಮುಗಿದುಹೋಗುತ್ತಿತ್ತು. ಬೆರಳು ಕೀಯ ಮೇಲೆಯೇ ಇದ್ದರೂ ನಾದ ನಿಲ್ಲುತ್ತಿತ್ತು. ಅದನ್ನು ಆ ಕಾಲದವರು ದೋಷವೆಂದರು. ನನಗಾದರೋ ಆ ಮುದುಕ ಯಂತ್ರದ ಮೇಲೆ ವಿಶೇಷ ಮಮತೆ, ಯಾಕಂದರೆ ಯಂತ್ರಗಳಲ್ಲಿ ಉಸಿರು ತೀರುತ್ತಿದ್ದುದು ಅದಕ್ಕೊಂದಕ್ಕೇ. ಈಗಿನವು ಒಂದು ತುಣುಕಿನ ನಡುಭಾಗವನ್ನೇ ಸುತ್ತಿ ಸುತ್ತಿ ನುಡಿಸುತ್ತ ಮಧ್ಯಾಹ್ನದಿಂದ ಸಾಯಂಕಾಲದ ವರೆಗೆ ಒಂದೇ ಸ್ವರವನ್ನು ಹಿಡಿದಿರಬಲ್ಲವು.

ಹಾಗಾದರೆ ಈಗಿನ ಯಂತ್ರದಲ್ಲಿ ಏರಿಳಿತವನ್ನು ಮಾಡುವುದೆಂತು? ಪ್ರತಿ ಸ್ವರಕ್ಕೂ ಏರಿಕೆ, ಇಳಿಕೆ, ನಿಲುಗಡೆ, ಬಿಡುಗಡೆ ಎಂಬ ನಾಲ್ಕು ಭಾಗಗಳ ಒಂದು ಅಚ್ಚನ್ನು ಮೊದಲೇ ನಿಗದಿಮಾಡಿಡುವ ಪದ್ಧತಿಯುಂಟು. ಇದಕ್ಕೆ ಎನ್ವಲಪ್ ಎನ್ನುವರು. ಎಲ್ಲ ಸ್ವರಗಳಿಗೂ ಒಂದೇ ಅಚ್ಚಾದುದರಿಂದ ಎಲ್ಲ ರೊಟ್ಟಿಗಳೂ ಒಂದೇ ಆಕಾರವಾಗುವುವು. ಸ್ವರವು ಥಟ್ಟನೆ ಹುಟ್ಟದಂತೆ, ಕೊನೆಯಲ್ಲಿ ಕತ್ತರಿಸಿದಂತೆ ಕೇಳಿಸದಂತೆ ನೋಡಿಕೊಳ್ಳಲು ಅದು ಸಾಕು, ಹಾಡಿಗೆ ಸಾಲದು.

1983ರಲ್ಲಿ ವಾದ್ಯಗಳ ಹಲವು ತಯಾರಕರು ಕೂಡಿ ಒಪ್ಪಿಕೊಂಡ ಮಿಡಿ ಎಂಬ ಸಂಕೇತಪದ್ಧತಿಯೊಂದಿದೆ. ಒಂದು ವಾದ್ಯವು ಮತ್ತೊಂದಕ್ಕೆ ‘ಈ ಸ್ವರವನ್ನು ನುಡಿಸು, ಇಷ್ಟು ಹಿಗ್ಗಿಸು’ ಎಂದು ಅಂಕೆಗಳಲ್ಲಿ ಹೇಳುವ ಭಾಷೆಯದು. ಹಿಗ್ಗುಕುಗ್ಗುಗಳಿಗೆ 0 ಮೊದಲ್ಗೊಂಡು 127ರ ವರೆಗೆ 128 ಮೆಟ್ಟಲುಗಳು. ಇದರಲ್ಲಿ 7ನೆಯ ಸಂಖ್ಯೆಯ ಆಜ್ಞೆಯು ವಾದ್ಯದ ಒಟ್ಟು ಪ್ರಮಾಣವನ್ನು ಗೊತ್ತುಮಾಡುವುದು. ವಾದಕನನ್ನು ವೇದಿಕೆಯ ಮುಂದೆ ಕೂರಿಸಬೇಕೋ ಹಿಂದೆ ಕೂರಿಸಬೇಕೋ ಎಂಬಂತೆ, ಒಮ್ಮೆ ಗೊತ್ತುಮಾಡಿ ಬಿಡತಕ್ಕದ್ದು. 11ನೆಯದಕ್ಕೆ ಎಕ್ಸ್‌ಪ್ರೆಶನ್ ಎಂದೇ ಹೆಸರು, ಹಳೆಯ ಹಾರ್ಮೋನಿಯಮ್ಮಿನ ಗುಬುಟಿನ ಹೆಸರೇ. ಸ್ವರವು ನಡೆಯುತ್ತಿರುವಾಗ ಅದನ್ನು ಹಿಗ್ಗಿಸಿ ಕುಗ್ಗಿಸುವುದು ಅದರ ಕೆಲಸ. 2ನೆಯದು ಉಸಿರಿಗೇ ಮೀಸಲು. ಬಾಯಿಗೆ ಒಂದು ಪುಟ್ಟ ಉಪಕರಣವನ್ನು ಇಟ್ಟುಕೊಂಡು ಊದಿದರೆ ಅದರ ಒತ್ತಡವೇ ಅಂಕೆಯಾಗುವುದು. ನಾನು ಉಪಯೋಗಿಸುವುದು ಕೀಬೋರ್ಡಿನ ಎಡಬದಿಯಲ್ಲಿರುವ ಒಂದು ಸಣ್ಣ ಚಕ್ರವನ್ನು. ಎಡಗೈಯ ಹೆಬ್ಬೆರಳಿನಿಂದ ಮುಂದಕ್ಕೆ ಉರುಳಿಸಿದರೆ ನಾದವು ಬೆಳೆಯುವುದು, ಹಿಂದಕ್ಕೆ ತಂದರೆ ಇಳಿಯುವುದು. ತಿದಿಯಿಲ್ಲದ ಹಾರ್ಮೋನಿಯಮ್ಮಿನಲ್ಲಿ ಎಡಗೈಯು ತನ್ನ ಹಳೆಯ ಉದ್ಯೋಗವನ್ನು ಮರಳಿ ಪಡೆದಂತಾಯಿತು.

ಇಲ್ಲಿ ಎರಡು ಸೂಕ್ಷ್ಮಗಳುಂಟು; ಈ ಕೆಲಸಕ್ಕೆ ಕೈಯಿಕ್ಕುವ ಹಳೆಯ ವಿದ್ಯಾರ್ಥಿನಿಯರು ಇವನ್ನು ಗಮನಿಸಬೇಕು. ಅಂಕೆಯು ಅರ್ಧವಾದರೆ ನಾದವು ಅರ್ಧವಾಗುವುದೆಂದು ಎಣಿಸಬಾರದು. ರೂಢಿಯ ಲೆಕ್ಕವನ್ನು ಅನುಸರಿಸುವ ವಾದ್ಯಗಳಲ್ಲಿ 127ರಿಂದ 64ಕ್ಕೆ ಇಳಿಸಿದರೆ ಸುಮಾರು 12 ಡೆಸಿಬಲ್ ತಗ್ಗುವುದು. ಕಿವಿಗೆ ಅದು ಅರ್ಧಕ್ಕಿಂತಲೂ ಕಡಿಮೆ. ಅಲ್ಲಿಂದ ಕೆಳಗೆ ಅದೇ ಹಿಡಿತದಲ್ಲಿ ಇಳಿಸಿದರೆ ಬಾವಿಗೆ ಬಿದ್ದ ಕೊಡದಂತೆ ನಾದವು ಮುಳುಗುವುದು. ಗೆರೆಯನ್ನು ಕಣ್ಣಿನಿಂದ ನೇರವಾಗಿ ಎಳೆದರೂ ಕಿವಿಗೆ ಅದು ನೇರವಲ್ಲ. ಆದುದರಿಂದ ಪರದೆಯ ಮೇಲಿನ ಚಿತ್ರವನ್ನು ನೋಡದೆ ಕಣ್ಣು ಮುಚ್ಚಿಕೊಂಡು ಚಕ್ರವನ್ನು ತಿರುಗಿಸುವುದೇ ಲೇಸು.

ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಬಯಲಿನ ಆಚೆಯಿಂದ ಕೂಗಿದ ಕೂಗೂ ಕಿವಿಯಲ್ಲಿ ಹೇಳಿದ ಪಿಸುಮಾತೂ ಪ್ರಮಾಣದಲ್ಲಿ ಸಮನಾಗಿರಬಹುದು. ಆದರೆ ಒಂದನ್ನು ಮತ್ತೊಂದೆಂದು ಯಾರೂ ಭ್ರಮಿಸರು. ಕೊಳಲನ್ನು ಬಲವಾಗಿ ಊದಿದಾಗ ಮೂಲಸ್ವರದ ಮೇಲಣ ಉಪಸ್ವರಗಳು ಹೆಚ್ಚಾಗಿ ನಾದವು ಪ್ರಖರವಾಗುವುದು; ಮೆಲ್ಲಗೆ ಊದಿದಾಗ ಅವು ಅಡಗಿ ನಾದವು ಮೃದುವಾಗುವುದು. ಬಲವಾದ ಸ್ಯಾಂಪಲನ್ನೇ ತೆಗೆದುಕೊಂಡು 11ನೆಯ ಆಜ್ಞೆಯಿಂದ ಇಳಿಸಿದರೆ, ವಾದಕನು ಮೆಲ್ಲಗೆ ಊದಿದಂತಾಗದೆ ದೂರದ ಕೋಣೆಗೆ ಹೋಗಿ ಗಟ್ಟಿಯಾಗಿ ಊದಿದಂತಾಗುವುದು. ಇದಕ್ಕಾಗಿಯೇ ಮೆಲು, ಮಧ್ಯಮ, ಬಲವೆಂಬ ಬೇರೆ ಬೇರೆ ಪದರಗಳನ್ನು ಮುದ್ರಿಸಿರುವರು. ಒಳ್ಳೆಯ ವಾದ್ಯದಲ್ಲಿ ಚಕ್ರವನ್ನು ತಿರುಗಿಸಿದಂತೆ ಒಂದು ಪದರವು ಮರೆಯಾಗಿ ಮತ್ತೊಂದು ಮೂಡುವುದು. ಆದರೆ ಹೊಸ್ತಿಲಿನ ಮೇಲೆ ಎರಡೂ ಪದರಗಳು ಏಕಕಾಲದಲ್ಲಿ ಕೇಳಿಸಿ, ಒಂದು ಕೊಳಲಿಗೆ ಬದಲಾಗಿ ಇಬ್ಬರು ಊದುತ್ತಿರುವಂತೆ ಭಾಸವಾಗುವುದು. ತುಣುಕುಗಳ ಕಂಪನಗಳನ್ನು ಒಂದಕ್ಕೊಂದು ಹೊಂದಿಸಿ ಈ ತೊಡಕನ್ನು ನಿವಾರಿಸಿದ ವಾದ್ಯಗಳೂ ಇವೆ. ಇಲ್ಲದಿದ್ದರೆ ಹೊಸ್ತಿಲಿನ ಮೇಲೆ ನಿಲ್ಲದೆ ಬೇಗ ದಾಟಿಬಿಡಬೇಕು. ಹಿರಿಯರು ನಮಗೆ ಮನೆಯ ಹೊಸ್ತಿಲಿನ ವಿಷಯದಲ್ಲಿ ಹೇಳಿದ್ದೂ ಅದನ್ನೇ.

ಈ ಲೆಕ್ಕಾಚಾರವನ್ನೆಲ್ಲ ಪುಸ್ತಕಗಳಿಂದ ತಿಳಿಯಬಹುದು. ಉಸಿರಿನ ಪಾಠವನ್ನು ನಾನು ಕಲಿತದ್ದು ಒಬ್ಬ ಅಕ್ಕನವರಿಂದ. ಅವರು ನಮ್ಮ ಶಾಲೆಯಲ್ಲಿ ನನಗಿಂತ ಐದು ತರಗತಿ ಮುಂದಿದ್ದವರು. ಮಿಸ್ಸಮ್ಮನವರೊಬ್ಬರು ಬಿಟ್ಟುಹೋಗಿದ್ದ ಬೆಳ್ಳಿಬಣ್ಣದ ಕೊಳಲನ್ನು ಕ್ರಿಸ್ಮಸ್ ಆರಾಧನೆಗಳಲ್ಲಿ ಊದುತ್ತಿದ್ದವರು. ಅವರನ್ನು ನೆನಸುವವರು ಈ ಸಂಚಿಕೆಯ ಓದುಗರಲ್ಲಿ ಅನೇಕರಿರಬಹುದು. ಹೆಸರು ಬರೆಯಬಾರದೆಂದು ಅವರದೇ ಅಪ್ಪಣೆ. 2021ರ ಮೇ ತಿಂಗಳಿನಲ್ಲಿ ಅವರಿಗೆ ಕೋವಿಡ್ ಬಂದು ಮೂರು ವಾರ ಆಸ್ಪತ್ರೆಯಲ್ಲಿದ್ದರು. ದೇವರ ಕೃಪೆಯಿಂದ ಪ್ರಾಣ ಉಳಿಯಿತು, ಶ್ವಾಸಕೋಶಗಳು ಮೊದಲಿನಂತಾಗಲಿಲ್ಲ. ಎರಡನೆಯ ಅಂತಸ್ತಿಗೆ ಹತ್ತಬೇಕಾದರೆ ನಡುವೆ ಮೂರು ಸಾರಿ ನಿಲ್ಲುವರು. ಕೊಳಲನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕಪಾಟಿನ ಮೇಲೆ ಇಟ್ಟುಬಿಟ್ಟರು.

ನಾನು ವಾದ್ಯಮುದ್ರಿಕೆಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಅವರ ಕಿವಿಯು ಬೇಕಾಗಿತ್ತು. ಒಂದು ದಿನ ಅವರ ಮನೆಗೆ ಕೀಬೋರ್ಡನ್ನೂ ಗಣಕಯಂತ್ರವನ್ನೂ ಒಯ್ದು, ಚಕ್ರವನ್ನು ಮುಟ್ಟದೆಯೇ ಗೀತೆಯ ಎರಡು ಸಾಲುಗಳನ್ನು ಬಾರಿಸಿ, ಯಂತ್ರವು ತಾನೇ ತಾನಾಗಿ ಏನು ಮಾಡುವುದೆಂದು ಅವರಿಗೆ ಕೇಳಿಸಿದೆನು. ಅವರು ನಗುತ್ತ, “ಈ ಹೆಂಗಸಿಗೆ ಉಸಿರೇ ಬೇಡವಾ ಮಾರಾಯ್ತಿ? ಎರಡು ಸಾಲು ಮುಗಿದರೂ ಬಾಯಿ ತೆಗೆಯಲಿಲ್ಲವಲ್ಲ!” ಎಂದರು. ಅನಂತರ ಚಕ್ರವನ್ನು ತೋರಿಸಿ, “ಅಕ್ಕಾ, ಕೀಗಳನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಇದನ್ನು ಹಿಡಿಯಿರಿ” ಎಂದೆನು. ಅವರು ಹೆಬ್ಬೆರಳನ್ನು ಚಕ್ರದ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಬಳಿಕ ನಾನು ನುಡಿಸಿದೆನು, ಅವರು ಉಸಿರಾದರು. ಹಳೆಯ ದೇವಾಲಯಗಳಲ್ಲಿ ಆರ್ಗನ್ನು ಬಾರಿಸುವವರು ಒಬ್ಬರು, ಹಿಂದೆ ನಿಂತು ತಿದಿ ಒತ್ತುವವರು ಒಬ್ಬರು ಇದ್ದಂತೆ. ಮೊದಲನೆಯ ಸಾಲು ಮುಗಿಯುವಲ್ಲಿ ಅವರು ಚಕ್ರವನ್ನು ಮೆಲ್ಲನೆ ಹಿಂದಕ್ಕೆ ತಂದು, ತಲೆಯನ್ನು ತುಸು ಎತ್ತಿ, ಬಾಯಿಯಿಂದ ಗಾಳಿಯನ್ನು ಒಳಕ್ಕೆಳೆದುಕೊಂಡು, ಎರಡನೆಯ ಸಾಲಿಗೆ ಮತ್ತೆ ಮುಂದೂಡಿದರು. ಊದದಿದ್ದರೂ ಉಸಿರನ್ನು ತೆಗೆದುಕೊಂಡರು. ದೇಹವು ಅದನ್ನು ಮರೆತಿರಲಿಲ್ಲ. ನನಗೆ ಮುಂದಿನ ಸ್ವರಗಳು ಸ್ವಲ್ಪ ಮಸುಕಾಗಿ ಕಂಡವು.

ಅಂದು ನಾವು ತೆಗೆದುಕೊಂಡದ್ದು ‘ಓಲ್ಡ್ ಹಂಡ್ರೆಡ್ತ್’ ಎಂಬ ರಾಗವನ್ನು. 1551ರ ಜಿನೀವಾ ಕೀರ್ತನೆಗಳ ಪುಸ್ತಕದಲ್ಲಿ ಕಾಣಿಸಿಕೊಂಡು, ಅಂದಿನಿಂದ ಕ್ರೈಸ್ತ ಸಭೆಯು ಹೋದಲ್ಲೆಲ್ಲ ಹೋದ ರಾಗವದು. ನಾಲ್ಕು ಸಾಲು, ಸಾಲಿಗೆ ಎಂಟು ಸ್ವರ, ಒಂದು ಸಾಲಿಗೆ ಒಂದು ಉಸಿರು. ಟಾನಿಕ್ ಸೋಲ್‌ಫಾ ಕಲಿತವರಿಗೆ ಮೊದಲನೆಯ ಸಾಲು ಬಾಯಿಪಾಠವಾಗಿರುವುದು: ಡೋ ಡೋ ಟೀ ಲಾ ಸೋ ಡೋ ರೇ ಮೀ. ಐದನೆಯ ಸ್ವರವಾದ ಕೆಳಗಿನ ಸೋ ಎಂಬಲ್ಲಿಗೆ ಇಳಿಯುವಾಗ ನಾದವನ್ನೂ ಇಳಿಸಬೇಕೆಂದು ಕೈಯು ತಾನಾಗಿ ಹವಣಿಸುವುದು. ಅಕ್ಕನವರು ಅದನ್ನು ಬಿಡಲಿಲ್ಲ. ಕೊಳಲಿನ ತಳಸ್ವರಗಳು ಸ್ವಭಾವತಃ ಬಲಹೀನವಾದವುಗಳು. ಅಲ್ಲಿ ವಾದಕಳು ಉಸಿರಿನ ಆಸರೆಯನ್ನು ಹೆಚ್ಚಿಸುವಳೇ ಹೊರತು ಕಡಿಮೆಮಾಡಳು. ಇಳಿದದ್ದು ಮುಂದಿನ ಮೂರು ಮೆಟ್ಟಲು ಹತ್ತುವುದಕ್ಕಾಗಿಯಷ್ಟೆ. ಆದುದರಿಂದ ಅವರು ಸುಮಾರು 70ರಲ್ಲಿ ಆರಂಭಿಸಿ, ಸೋ ಎಂಬಲ್ಲಿ 80ಕ್ಕೆ ಏರಿಸಿ, ಕೊನೆಯ ಮೀ ಎಂಬಲ್ಲಿ 92ರ ವರೆಗೆ ಹೋಗಿ, ಅದರ ಉತ್ತರಾರ್ಧದಲ್ಲಿ ಇಳಿಸಿದರು. ಅಂಕೆಗಳನ್ನು ಆಮೇಲೆ ಪರದೆಯ ಮೇಲೆ ನೋಡಿ ನಾನು ಬರೆದುಕೊಂಡೆನು. ಅವರು ಅವುಗಳನ್ನು ನೋಡಲೂ ಇಲ್ಲ.

ಸ್ವರಸ್ವರಕ್ಕೂ ಚಕ್ರವನ್ನು ಹಿಂದೆಮುಂದೆ ಆಡಿಸಬಾರದೆಂಬುದೂ ಅಂದು ಸ್ಪಷ್ಟವಾಯಿತು. ಹೊಸಬರು ಉತ್ಸಾಹದಿಂದ ಪ್ರತಿಯೊಂದು ಸ್ವರಕ್ಕೂ ಒಂದು ಉಬ್ಬನ್ನು ಕೊಡುವರು. ಕೇಳುವವರಿಗೆ ತೊಟ್ಟಿಲು ತೂಗಿದಂತಾಗಿ ತಲೆ ಸುತ್ತುವುದು. ಕೊಳಲಿನವಳು ಬೆರಳುಗಳನ್ನು ಬದಲಿಸುವಾಗ ಉಸಿರನ್ನು ನಿಲ್ಲಿಸುವುದಿಲ್ಲ. ನದಿಯ ಮೇಲೆ ಸೇತುವೆಗಳು ಎಷ್ಟಿದ್ದರೂ ನೀರು ಒಂದೇ. ಸಾಲಿಗೆ ಒಂದು ಏರು, ಒಂದು ಇಳಿವು. ಅದರೊಳಗೆ ಯಾವ ಪದವು ಮುಖ್ಯವೋ ಅದಕ್ಕೆ ಒಂದು ಚಿಕ್ಕ ತಲೆದೂಗು ಸಾಕು. ಸಾಲಿನ ಆದಿಯಲ್ಲಿ ಸೊನ್ನೆಯಿಂದ ಹೊರಡುವುದೂ ಸಲ್ಲದು. ಕೊಳಲಿನ ಸ್ವರವು ನಾಲಿಗೆಯ ಮೃದುವಾದ ತಟ್ಟಿನಿಂದ ಹುಟ್ಟುವುದು, ಮಂಜಿನಿಂದ ಮೂಡುವುದಲ್ಲ. ಆ ತಟ್ಟು ಕೇಳಿಸುವಷ್ಟು ಎತ್ತರದಿಂದಲೇ ಹೊರಡಬೇಕು.

ನಾಲ್ಕನೆಯ ಸಾಲಿಗೆ ಬಂದಾಗ ನಮ್ಮಿಬ್ಬರಿಗೂ ಚರ್ಚೆಯಾಯಿತು. ಸೋ ಮೀ ಡೋ ರೇ ಫಾ ಮೀ ರೇ ಡೋ. ಇಡೀ ರಾಗದ ಅತ್ಯುನ್ನತ ಸ್ವರವು ಈ ಸಾಲಿನ ಮೊದಲನೆಯದೇ. ಏರಿ ಹೋಗುವುದಕ್ಕೆ ಮೆಟ್ಟಲುಗಳೇ ಇಲ್ಲ, ಮೂರನೆಯ ಸಾಲಿನ ಕೊನೆಯ ಡೋ ಎಂಬಲ್ಲಿಂದ ಒಂದೇ ನೆಗೆತ. ಆ ಸ್ವರವನ್ನು ಮೆಲ್ಲಗೆ ಆರಂಭಿಸಿ ಹಿಗ್ಗಿಸಬಹುದೆಂದು ನಾನೆಂದೆನು. “ಆಗುವುದಿಲ್ಲ. ನೆಗೆಯುವವಳು ಮೆಲ್ಲಗೆ ನೆಗೆದರೆ ಹೊಳೆಗೆ ಬೀಳುತ್ತಾಳೆ. ಮೊದಲು ಉಸಿರು, ಆಮೇಲೆ ಸ್ವರ. ಮೂರನೆಯ ಸಾಲಿನ ಕೊನೆಯನ್ನು ಅರ್ಧ ಮಾತ್ರೆ ಕಡಿಮೆ ಮಾಡು, ಮಕ್ಕಳು ಹೊಟ್ಟೆ ತುಂಬ ಗಾಳಿ ತೆಗೆದುಕೊಳ್ಳಲಿ” ಎಂದರು ಅಕ್ಕನವರು. ಹಾಗೆಯೇ ಮಾಡಿದೆವು. ಅಲ್ಲಿ ಕೊಳಲು ಅರ್ಧ ಮಾತ್ರೆ ಮೌನವಾಗುವುದು. ಆ ಬಳಿಕ ತುಂಬು ನಾದದಿಂದ, 110ರ ಆಸುಪಾಸಿನಲ್ಲಿ, ಮೇಲಿನ ಸೋ. ಅಲ್ಲಿಂದ ಮುಂದೆ ಇಡೀ ಸಾಲು ಇಳಿಯುತ್ತ ಮನೆಗೆ ಬರುವುದು, ಫಾ ಎಂಬಲ್ಲಿ ಮಾತ್ರ ಒಮ್ಮೆ ತಿರುಗಿ ನೋಡುವುದು.

ಈ ಮುದ್ರಿಕೆಯನ್ನು ಬಾಲಿಕೆಯರಿಗೆ ಕಳುಹಿಸುವಾಗ ಉಸಿರನ್ನು ಕುರಿತು ಒಂದು ಮಾತನ್ನೂ ಬರೆಯಲಿಲ್ಲ. ಎರಡು ವಾರಗಳ ಮೇಲೆ ಅವರು ಹಾಡಿ ಕಳುಹಿಸಿದ್ದನ್ನು ಒಂದೊಂದಾಗಿ ಕೇಳಿದೆವು. ಹದಿನಾರು ಮಂದಿಯಲ್ಲಿ ಹದಿಮೂರು ಮಂದಿ ಮೂರನೆಯ ಸಾಲಿನ ಕೊನೆಯಲ್ಲಿ ಆ ಅರ್ಧ ಮಾತ್ರೆಯನ್ನು ಬಿಟ್ಟು ಉಸಿರೆಳೆದಿದ್ದರು. ಕೆಲವರ ಉಸಿರಿನ ಸಪ್ಪಳವು ಮುದ್ರಿಕೆಯಲ್ಲಿಯೇ ಕೇಳಿಸುತ್ತಿತ್ತು. ಆ ಸಪ್ಪಳವನ್ನು ಒರೆಸಿಹಾಕುವ ಸಾಫ್ಟ್‌ವೇರ್ ನನ್ನಲ್ಲಿರುವುದಾದರೂ ನಾನು ಅದನ್ನು ಉಪಯೋಗಿಸಲಿಲ್ಲ.

ಯಂತ್ರದ ಕೊಳಲಿನಿಂದ ದೇವರನ್ನು ಸ್ತುತಿಸುವುದು ವಂಚನೆಯಲ್ಲವೇ ಎಂದು ಸಭೆಯ ಹಿರಿಯರೊಬ್ಬರು ಕೇಳಿದ್ದುಂಟು. ಪ್ರಶ್ನೆಯನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಕೊಳಲನ್ನೂ ವೀಣೆಯನ್ನೂ ಪ್ರಾಣವಿಲ್ಲದ ವಸ್ತುಗಳ ಸಾಲಿನಲ್ಲಿಯೇ ಸೇರಿಸಿ, ಅವುಗಳ ಸ್ವರಗಳಲ್ಲಿ ಭೇದವಿಲ್ಲದಿದ್ದರೆ ನುಡಿಸಿದ್ದೇನೆಂದು ಯಾರಿಗೂ ತಿಳಿಯದೆಂಬ ಅಭಿಪ್ರಾಯವನ್ನು ಹೇಳಿರುವನು. ಬಿದಿರಾಗಲಿ ಬೆಳ್ಳಿಯಾಗಲಿ ಗಣಕಯಂತ್ರವಾಗಲಿ ಪ್ರಾಣವಿಲ್ಲದ್ದೇ. ಆದರೂ ಒಂದು ಭೇದವನ್ನು ಒಪ್ಪಿಕೊಳ್ಳಬೇಕು. ನಿಜವಾದ ಕೊಳಲಿನಲ್ಲಿ ನಾದವನ್ನು ಕುಗ್ಗಿಸುವಾಗ ಶ್ರುತಿಯು ಇಳಿಯತೊಡಗುವುದು, ಹಿಗ್ಗಿಸುವಾಗ ಏರತೊಡಗುವುದು. ವಾದಕಳು ತುಟಿಯಿಂದ ಅದನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರುವಳು. ಆ ಹೋರಾಟವು ಚಕ್ರವನ್ನು ಉರುಳಿಸುವವಳಿಗಿಲ್ಲ. ಶ್ರುತಿಯು ಎಂದೂ ಕೆಡದು. ಕೆಡುವ ಭಯವಿಲ್ಲದ್ದರಿಂದಲೇ ಏನೋ, ಎಷ್ಟು ಚೆನ್ನಾಗಿ ಮಾಡಿದರೂ ಯಂತ್ರದ ಮೆಲುಸ್ವರದಲ್ಲಿ ಆ ಸೂಜಿಯ ಮೊನೆಯ ಮೇಲೆ ನಿಂತ ಭಾವವು ಬಾರದು. ಅಕ್ಕನವರ ಕೊಳಲಿಗೂ ಅವರ ಚಕ್ರಕ್ಕೂ ಇರುವ ಅಂತರವಿದೇ. ಅದನ್ನು ಅವರೇ ಮೊದಲು ಹೇಳಿದವರು.

ಈ ವರ್ಷ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಇಬ್ಬರು ಬಾಲಿಕೆಯರು, ಒಬ್ಬಳು ಎಂಟನೆಯ ತರಗತಿಯವಳು, ಮತ್ತೊಬ್ಬಳು ಒಂಬತ್ತನೆಯವಳು, ನಿಜವಾದ ಕೊಳಲನ್ನು ಕಲಿಯುತ್ತಿರುವರು. ಕಪಾಟಿನ ಮೇಲಿದ್ದ ಪೆಟ್ಟಿಗೆಯು ಕೆಳಗಿಳಿದಿದೆ. ಅಕ್ಕನವರು ಶನಿವಾರಗಳಲ್ಲಿ ರಿಕ್ಷಾದಲ್ಲಿ ಬಂದು, ಕುರ್ಚಿಯಲ್ಲಿ ಕುಳಿತು, ಊದದೆಯೇ ಕಲಿಸುತ್ತಾರೆ; ಉಸಿರು ಎಲ್ಲಿ ಏರಬೇಕೆಂಬುದನ್ನು ಗಾಳಿಯಲ್ಲಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ಕ್ರಿಸ್ಮಸ್ ಆರಾಧನೆಗೆ ಮೊದಲನೆಯ ಮೂರು ಸಾಲುಗಳನ್ನು ಆ ಹುಡುಗಿಯರೇ ಊದುವರು. ನಾಲ್ಕನೆಯ ಸಾಲಿನ ಮೇಲಿನ ಸೋ ಅವರಿಗೆ ಇನ್ನೂ ದಕ್ಕಿಲ್ಲವಾದುದರಿಂದ ಅಲ್ಲಿ ಯಂತ್ರದ ಕೊಳಲನ್ನು 60ರ ಮಟ್ಟದಲ್ಲಿ ಅವರ ಹಿಂದೆ ಇಟ್ಟಿದ್ದೇವೆ. ಜನವರಿಯೊಳಗೆ ಅದನ್ನೂ ತೆಗೆಸುತ್ತೇನೆಂದು ಒಂಬತ್ತನೆಯ ತರಗತಿಯವಳು ಅಕ್ಕನವರಿಗೆ ಮಾತು ಕೊಟ್ಟಿದ್ದಾಳೆ.